ಡೆಟ್ರಾಯ್ಟ್‌ನಲ್ಲಿ ಐದು ದಿನ: ಟೆಕ್ನೋ ರೆಕಾರ್ಡೊಂದು ಹುಟ್ಟುವ ದಾರಿ

ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಈಗ ಒಂದು ಲ್ಯಾಪ್‌ಟಾಪಿನಲ್ಲೇ ಎಲ್ಲವನ್ನೂ ಮುಗಿಸಿಬಿಡಬಹುದು. ಆದರೂ ಟೆಕ್ನೋ ಎಂಬ, ಯಂತ್ರಗಳಿಂದ ಮಾಡುವ ಕುಣಿತದ ಸಂಗೀತ ಹುಟ್ಟಿದ ಅಮೆರಿಕದ ಡೆಟ್ರಾಯ್ಟ್‌ಗೆ ಹೋಗಿ ನೋಡಲೇಬೇಕು. ಟ್ರ್ಯಾಕ್ ಹುಟ್ಟುವ ಕೋಣೆ, ಅದನ್ನು ಗ್ರೂವ್ (ರೆಕಾರ್ಡಿನ ಮೇಲೆ ಮುಳ್ಳು ಓಡುವ ಗೀರು) ಆಗಿ ಕೊರೆಯುವ ಲೇತ್ ಯಂತ್ರ, ರೆಕಾರ್ಡ್ ಒತ್ತುವ ಕಾರ್ಖಾನೆ, ಮಾರುವ ಅಂಗಡಿ, ನುಡಿಸುವ ವೇದಿಕೆ ಇವೆಲ್ಲ ಅಲ್ಲಿ ಅರ್ಧ ಗಂಟೆಯ ಕಾರಿನ ದಾರಿಯೊಳಗೆ ಸೇರಿಕೊಂಡಿದ್ದವು. ದೊಡ್ಡ ಕಂಪನಿಗಳ ಬಾಗಿಲು ತಟ್ಟದೆಯೇ ಅಲ್ಲಿನ ಅಂಡರ್‌ಗ್ರೌಂಡ್ ಸಂಗೀತ ಉಳಿದು ಬೆಳೆದದ್ದು ಹೀಗೆ. ಆ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ನಡೆದು ನೋಡುವ ಪ್ರವಾಸ ಇದು.

ಹೋಗಲು ಸರಿಯಾದ ಕಾಲ ಮೇ ತಿಂಗಳ ಕೊನೆಯ ವಾರ. ಮೆಮೋರಿಯಲ್ ಡೇ ರಜೆಯ ವಾರಾಂತ್ಯದಲ್ಲಿ, ಶನಿವಾರದಿಂದ ಸೋಮವಾರದವರೆಗೆ, ನದಿಯ ದಡದ ಹಾರ್ಟ್ ಪ್ಲಾಜಾದಲ್ಲಿ ಮೂವ್‌ಮೆಂಟ್ ಎಂಬ ಟೆಕ್ನೋ ಉತ್ಸವ ನಡೆಯುತ್ತದೆ. ಮಂಗಳವಾರವೇ ಊರು ತಲುಪಿದರೆ ಕೆಲಸದ ದಿನಗಳಲ್ಲಿ ಕಾರ್ಖಾನೆಯ ಕಡೆ ಹೋಗಬಹುದು, ಶನಿವಾರಕ್ಕೆ ಉತ್ಸವಕ್ಕೂ ಸಿಗಬಹುದು. ಬೆಂಗಳೂರಿನಿಂದ ಹೋಗುವವರು ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು. ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಕನ್ನಡಿಗರ ಮನೆಗಳು ಸಾಕಷ್ಟಿವೆ, ಪಂಪ ಕನ್ನಡ ಕೂಟವೂ ಆ ಭಾಗದ್ದೇ. ನೆಂಟರ ಮನೆಯಲ್ಲಿ ಉಳಿದುಕೊಂಡರೂ ಕಾರು ಬೇಕೇ ಬೇಕು. ಬಸ್ಸು ನಂಬಿಕೊಂಡರೆ ಈ ಐದು ದಿನದ ಓಡಾಟ ಮುಗಿಯುವುದಿಲ್ಲ.

ಮೊದಲ ದಿನ, ಮಂಗಳವಾರ: ಬೆಲ್ವಿಲ್

ವಿಮಾನ ಇಳಿಯುವುದು ರಾಮ್ಯುಲಸ್ ಎಂಬಲ್ಲಿ. ಡೆಟ್ರಾಯ್ಟ್‌ಗೆ ಹೋಗಲು ಪೂರ್ವಕ್ಕೆ ತಿರುಗಬೇಕು, ಆದರೆ ಮೊದಲು ಐ-94 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಬೆಲ್ವಿಲ್ ಸಿಗುತ್ತದೆ. ಕೆರೆಯ ಪಕ್ಕದ ಸಣ್ಣ ಊರು. ಸಂಗೀತದ ಗುರುತು ಹುಡುಕಿದರೆ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಟೆಕ್ನೋಗೆ ತಳಪಾಯ ಹಾಕಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಓದಿದ್ದು ಇಲ್ಲಿನ ಹೈಸ್ಕೂಲಿನಲ್ಲಿ. ರಾತ್ರಿ ರೇಡಿಯೋದಲ್ಲಿ ಎಲೆಕ್ಟ್ರಿಫೈಯಿಂಗ್ ಮೋಜೋ ಎಂಬ ನಿರೂಪಕ ಜರ್ಮನಿಯ ಕ್ರಾಫ್ಟ್‌ವರ್ಕ್, ಪಾರ್ಲಿಮೆಂಟ್ ಎಂಬ ಫಂಕ್ ತಂಡ, ಗಾಯಕ ಪ್ರಿನ್ಸ್ ಎಲ್ಲವನ್ನೂ ಒಂದೇ ಉಸಿರಿಗೆ ಹಾಕುತ್ತಿದ್ದ. ಡೆಟ್ರಾಯ್ಟ್‌ನಿಂದ ಸುಮಾರು 48 ಕಿಲೋಮೀಟರ್ ದೂರದ ಮೂವರು ಹುಡುಗರಿಗೆ ಆ ರೇಡಿಯೋವೇ ಪಾಠಶಾಲೆಯಾಯಿತು.

ಆಟ್ಕಿನ್ಸ್‌ನ ಮೊದಲ ಸಿಂಥಸೈಜರ್ ಕೋರ್ಗ್ ಎಂಎಸ್-10. ಅದರಲ್ಲಿ ಇರುವುದು ಒಂದೇ ಆಸಿಲೇಟರ್ (ಧ್ವನಿಯ ಅಲೆ ಹುಟ್ಟಿಸುವ ಭಾಗ), ಒಮ್ಮೆಗೆ ಒಂದೇ ಸ್ವರ. ಆದರೂ ಇಂಥ ಯಂತ್ರದಿಂದ ಇಡೀ ಡ್ರಮ್ ಸೆಟ್ ತೆಗೆಯಬಹುದು. ಧ್ವನಿಯನ್ನು ಸೋಸುವ ಫಿಲ್ಟರ್ ತಾನಾಗಿಯೇ ಕೂಗತೊಡಗುವವರೆಗೆ ಅದರ ಪೀಕ್ ಗುಂಡಿ ತಿರುಗಿಸಿ, ಕಾಲಕ್ಕೆ ತಕ್ಕಂತೆ ಏರಿಳಿಸುವ ಎನ್ವಲಪ್‌ನಿಂದ ಫಿಲ್ಟರನ್ನು 200 ಹರ್ಟ್ಸ್ ಆಸುಪಾಸಿನಿಂದ 50ಕ್ಕೆ 60–80 ಮಿಲಿಸೆಕೆಂಡಿನಲ್ಲಿ ಇಳಿಸಿದರೆ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಹೊಡೆತ. ಆಸಿಲೇಟರ್ ಬದಲು ನಾಯ್ಸ್ (ಸ್ವರವಿಲ್ಲದ ಮೊರೆತ) ಆರಿಸಿ, ಡಿಕೇ (ಧ್ವನಿ ಆರುವ ಕಾಲ) 30 ಮಿಲಿಸೆಕೆಂಡಿಗೆ ಕಡಿಮೆ ಮಾಡಿದರೆ ಹೈಹ್ಯಾಟ್, ಅಂದರೆ ಜೋಡಿ ತಾಳದ ಸದ್ದು. ಡಿಕೇ ಉದ್ದವಾದರೆ ಕಿಕ್ ಹೋಗಿ ಟಾಮ್ (ಸ್ವರ ಎಳೆಯುವ ಡ್ರಮ್) ಆಗಿಬಿಡುತ್ತದೆ. ಹೊಸಬರು ಎಡವುವುದು ಅಲ್ಲೇ.

ವಾಶ್ಟೆನಾ ಕಮ್ಯೂನಿಟಿ ಕಾಲೇಜಿನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ರಿಕ್ ಡೇವಿಸ್ ಆಟ್ಕಿನ್ಸ್‌ಗೆ ಜೊತೆಯಾದ ಮೇಲೆ ಸೈಬೋಟ್ರಾನ್ ತಂಡ ಹುಟ್ಟಿತು. 1981ರ ಅವರ ಮೊದಲ ಸಿಂಗಲ್ ‘ಆಲೀಸ್ ಆಫ್ ಯುವರ್ ಮೈಂಡ್’ ಬಂದದ್ದು ಡೀಪ್ ಸ್ಪೇಸ್ ಎಂಬ ಅವರದೇ ಲೇಬಲ್‌ನಲ್ಲಿ (ರೆಕಾರ್ಡ್ ಹೊರತರುವ ಸಂಸ್ಥೆಯಲ್ಲಿ). ಮೊದಲ ರೆಕಾರ್ಡಿನಿಂದಲೇ ಲೇಬಲ್ ಸ್ವಂತದ್ದು ಎಂಬುದನ್ನು ಮುಂದಿನ ನಾಲ್ಕು ದಿನವೂ ಮರೆಯಬಾರದು.

ಎರಡನೇ ದಿನ, ಬುಧವಾರ: ಗ್ರ್ಯಾಷಿಯಟ್ ಬೀದಿ, ಯಂತ್ರಗಳು

ಡೌನ್‌ಟೌನ್‌ನಿಂದ ಈಶಾನ್ಯಕ್ಕೆ ಹೊರಡುವ ಗ್ರ್ಯಾಷಿಯಟ್ ಅವೆನ್ಯೂ ಈಸ್ಟರ್ನ್ ಮಾರ್ಕೆಟ್‌ನ ಅಂಚನ್ನು ಹಾದುಹೋಗುತ್ತದೆ. ಹಣ್ಣು, ತರಕಾರಿ, ಮಾಂಸದ ಸಗಟು ಮಾರುಕಟ್ಟೆ. 1980ರ ದಶಕದ ಕೊನೆಗೆ ಆಟ್ಕಿನ್ಸ್‌ನ ಮೆಟ್ರೋಪ್ಲೆಕ್ಸ್, ಡೆರಿಕ್ ಮೇಯ ಟ್ರಾನ್ಸ್‌ಮ್ಯಾಟ್, ಸಾಂಡರ್‌ಸನ್‌ನ ಕೆಎಂಎಸ್ ಮೂರೂ ಲೇಬಲ್‌ಗಳು ಈ ಬೀದಿಯಲ್ಲಿ ಅಕ್ಕಪಕ್ಕ ಇದ್ದವು. ಒಬ್ಬರ ಡ್ರಮ್ ಮಷೀನ್ ಇನ್ನೊಬ್ಬರ ಕೋಣೆಗೆ ಓಡಾಡುವಷ್ಟು ಹತ್ತಿರ. ಅಲ್ಲಿಂದ ಬ್ರಾಡ್‌ವೇ ಬೀದಿಯ 1315ನೇ ನಂಬರಿಗೆ ನಡೆದೇ ಹೋಗಬಹುದು. 1988–89ರಲ್ಲಿ ಮ್ಯೂಸಿಕ್ ಇನ್‌ಸ್ಟಿಟ್ಯೂಟ್ ಎಂಬ ಕ್ಲಬ್ ಇದ್ದ ಜಾಗ ಅದು. ಅಲ್ಲಿ ಮದ್ಯ ಇರಲಿಲ್ಲ. ಹೊಸ ಟ್ರ್ಯಾಕ್ ಸರಿಯಾಗಿದೆಯೇ ಎಂದು ತಿಳಿಯಲು ಆ ನೆಲಕ್ಕಿಂತ ಒಳ್ಳೆಯ ಪರೀಕ್ಷೆ ಇರಲಿಲ್ಲ.

ಯಂತ್ರಗಳ ಮಾತಿಗೆ ಬಂದರೆ, ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನ್ ಟಿಆರ್-808 ಪೂರ್ತಿ ಅನಲಾಗ್, ಸದ್ದು ಸರ್ಕ್ಯೂಟಿನಲ್ಲೇ ಹುಟ್ಟುತ್ತದೆ. 1983ರಲ್ಲಿ ಬಂದ ಟಿಆರ್-909ರಲ್ಲಿ ಕಿಕ್, ಸ್ನೇರ್, ಟಾಮ್ ಅನಲಾಗ್. ಹೈಹ್ಯಾಟ್ ಮತ್ತು ಸಿಂಬಲ್ ಮಾತ್ರ 6 ಬಿಟ್ ಸ್ಯಾಂಪಲ್, ಅಂದರೆ ಡಿಜಿಟಲ್ ಆಗಿ ಹಿಡಿದಿಟ್ಟ ಸದ್ದು. ಅದರ ಹ್ಯಾಟಿನ ಒರಟುತನ ಬಂದದ್ದು ಆ 6 ಬಿಟ್ಟಿನಿಂದ. ಎರಡರಲ್ಲೂ ಒಂದು ಬಾರ್‌ಗೆ (ನಾಲ್ಕು ಬೀಟಿಗೆ) 16 ಹೆಜ್ಜೆಯ ಸಾಲು. 130 ಬಿಪಿಎಂನಲ್ಲಿ (ನಿಮಿಷಕ್ಕೆ 130 ಬೀಟ್) ಒಂದು ಹೆಜ್ಜೆಗೆ 115.4 ಮಿಲಿಸೆಕೆಂಡ್. 808ಕ್ಕೆ ಮಿಡಿ (ವಾದ್ಯಗಳನ್ನು ಒಂದಕ್ಕೊಂದು ಬೆಸೆಯುವ ಡಿಜಿಟಲ್ ಭಾಷೆ) ಇಲ್ಲ, ಡಿನ್ ಸಿಂಕ್ (ತಾಳ ಹಂಚುವ ಹಳೆಯ ಕ್ರಮ) ಮಾತ್ರ. 909ಕ್ಕೆ ಎರಡೂ ಇವೆ. ಹೀಗಾಗಿ ಈ ಎರಡನ್ನು ಡಿನ್ ಸಿಂಕ್‌ನಿಂದ ಜೋಡಿಸುವುದು ಸುಲಭ. ಕಂಪ್ಯೂಟರಿನ ಯುಎಸ್‌ಬಿಯಿಂದ ಕ್ಲಾಕ್ (ತಾಳದ ಸಂಕೇತ) ಕೊಟ್ಟರೆ ಒಂದೆರಡು ಮಿಲಿಸೆಕೆಂಡ್ ಅಲುಗಾಟ ಬರುತ್ತದೆ. ಎರಡು ಕಿಕ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ನಡುವೆ 3 ಮಿಲಿಸೆಕೆಂಡ್ ಅಂತರ ಬಿದ್ದರೆ ಸಾಕು, 167 ಹರ್ಟ್ಸ್ ಸುತ್ತಮುತ್ತ ಧ್ವನಿ ಒಂದನ್ನೊಂದು ಕೊಂದುಬಿಡುತ್ತದೆ, ಕಿಕ್ ಟೊಳ್ಳಾಗಿ ಕೇಳುತ್ತದೆ. ಇಕ್ಯೂ (ತಳ, ಮೇಲ್ಸ್ವರಗಳನ್ನು ಹೊಂದಿಸುವ ಗುಂಡಿ) ತಿರುಗಿಸಿ ಇದನ್ನು ಸರಿಪಡಿಸಲಾಗದು. ಒಂದು ಕಿಕ್ ತೆಗೆದುಹಾಕಬೇಕು, ಇಲ್ಲವೇ ಎರಡನ್ನೂ ರೆಕಾರ್ಡ್ ಮಾಡಿಕೊಂಡು ಅಲೆಯ ಆರಂಭಕ್ಕೆ ಆರಂಭ ಕೂಡಿಸಬೇಕು.

ಸಾಂಡರ್‌ಸನ್ 1988ರಲ್ಲಿ ರೀಸ್ ಎಂಬ ಹೆಸರಿನಲ್ಲಿ ತಂದ ಟ್ರ್ಯಾಕಿನ ಬೇಸ್ (ತಳದ ಸ್ವರದ ಸಾಲು) ಆಮೇಲೆ ಡ್ರಮ್ ಅಂಡ್ ಬೇಸ್ ಎಂಬ ಸಂಗೀತ ಮಾಡುವವರೆಲ್ಲರ ಕೈಗೂ ಬಂತು. ಅದು ಹುಟ್ಟಿದ್ದು ಕ್ಯಾಸಿಯೋ ಸಿಝಡ್-5000 ಸಿಂಥಸೈಜರಿನಲ್ಲಿ. ಮಾಡುವ ಕ್ರಮ ಸರಳ: ಎರಡು ಸಾ-ಟೂತ್ (ಗರಗಸದ ಹಲ್ಲಿನಾಕಾರದ) ಅಲೆ, ನಡುವೆ ಶ್ರುತಿಯಲ್ಲಿ 20 ಸೆಂಟ್ (ಅರ್ಧಸ್ವರದ ನೂರನೇ ಭಾಗ ಒಂದು ಸೆಂಟ್) ವ್ಯತ್ಯಾಸ, ಮೇಲೆ ತಳದ ಸ್ವರ ಮಾತ್ರ ಬಿಡುವ ಲೋ-ಪಾಸ್ ಫಿಲ್ಟರ್. 55 ಹರ್ಟ್ಸ್‌ನ ಸ್ವರದಲ್ಲಿ ಈ ವ್ಯತ್ಯಾಸ ಸೆಕೆಂಡಿಗೆ 0.64 ಸಲ ಅಲೆಯಾಡಿಸುತ್ತದೆ. ಹತ್ತನೇ ಹಾರ್ಮೋನಿಕ್‌ನಲ್ಲಿ (ಹತ್ತು ಪಟ್ಟು ಕಂಪನದ ಮೇಲ್ಸ್ವರದಲ್ಲಿ) ಅದೇ ಅಲೆದಾಟ ಸೆಕೆಂಡಿಗೆ 6.4 ಸಲ. ತಳ ನಿಧಾನವಾಗಿ ಉಸಿರಾಡುತ್ತದೆ, ಮೇಲ್ಭಾಗ ಕುದಿಯುತ್ತದೆ. ಆ ಬೇಸಿನ ಜೀವ ಇರುವುದೇ ಅಲ್ಲಿ. ವ್ಯತ್ಯಾಸ 40 ಸೆಂಟ್ ದಾಟಿದರೆ ಬೇಸ್ ಶ್ರುತಿ ತಪ್ಪಿದಂತೆ ಕೇಳುತ್ತದೆ. ಎರಡು ಅಲೆಗಳನ್ನು ಎಡಕ್ಕೊಂದು ಬಲಕ್ಕೊಂದು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಇರುತ್ತದೆ, ವಿನೈಲ್ ರೆಕಾರ್ಡಿನಲ್ಲಿ ಮಾತ್ರ ಅನಾಹುತ. ಕಾರಣ ನಾಳೆ ಸಿಗುತ್ತದೆ.

ಡೆಟ್ರಾಯ್ಟ್‌ನವರ ಇನ್ನೊಂದು ಗುಟ್ಟು ಅಳತೆ ಬೇರೆಬೇರೆಯಾದ ಸಾಲುಗಳು. ಡ್ರಮ್ 16 ಹೆಜ್ಜೆ, ಸಿಂಥ್ 12 ಹೆಜ್ಜೆ ಆದರೆ 48 ಹೆಜ್ಜೆಗೆ, ಅಂದರೆ ಮೂರು ಬಾರ್‌ಗೆ, ಎರಡೂ ಒಟ್ಟು ಸೇರುತ್ತವೆ. 7 ಹೆಜ್ಜೆಯ ಸಾಲಾದರೆ 112 ಹೆಜ್ಜೆಗೆ, ಏಳು ಬಾರ್‌ಗೆ. ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಈ ಏಳು ಹೊಸದಲ್ಲ, ಕೆಳಗೆ ನಾಲ್ಕರ ಕಿಕ್ ಬಿಡದೆ ನಡೆಯುತ್ತಿರುವುದೇ ಹೊಸದು. ಒಂದು ಟ್ರ್ಯಾಕಿನಲ್ಲಿ ಇಂಥ ಬೆಸ ಸಾಲು ಒಂದಿದ್ದರೆ ಸಾಕು. ಎರಡಾದರೆ ಕುಣಿಯುವವರ ಕಾಲು ನಿಲ್ಲುತ್ತದೆ.

ಇದೇ ರೋಲ್ಯಾಂಡ್ ಬಳಗದ 808, ಸಿಂಥಸೈಜರ್‌ಗಳಾದ ಟಿಬಿ-303 ಮತ್ತು ಜುಪಿಟರ್-8 ಹಿಡಿದು ಮುಂಬಯಿಯಲ್ಲಿ ಚರಣಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳ ಆಲ್ಬಂ ಮಾಡಿದ್ದರು. ಆಗ ಯಾರೂ ಗಮನಿಸಲಿಲ್ಲ. 2010ರ ಮರುಮುದ್ರಣದ ಮೇಲೆ ಜಗತ್ತು ಕಿವಿಗೊಟ್ಟಿತು. ಯಂತ್ರ, ಕಲ್ಪನೆ ಎರಡೂ ಅವರ ಬಳಿ ಇದ್ದವು. ಗ್ರ್ಯಾಷಿಯಟ್‌ನಲ್ಲಿದ್ದಂಥ ನೆರೆಹೊರೆ ಇರಲಿಲ್ಲ.

ಇಲ್ಲಿ ಹಳೆಯ ಯಂತ್ರ ಕೊಳ್ಳುವ ಆಲೋಚನೆ ಇದ್ದರೆ ಹಿಂಬದಿಯ ವೋಲ್ಟೇಜ್ ಚೀಟಿ ಓದಿ. ಅಮೆರಿಕದ್ದು 120 ವೋಲ್ಟ್, ಜಪಾನಿನದ್ದು 100. ಊರಿಗೆ ತಂದು 230ಕ್ಕೆ ನೇರ ಸಿಕ್ಕಿಸಿದರೆ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಇಂಥ ಒಂದು ಡ್ರಮ್ ಮಷೀನಿಗೆ 100 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಧಾರಾಳವಾಯಿತು. ಜಪಾನಿನ ಯಂತ್ರಕ್ಕೆ 120 ವೋಲ್ಟಿನದು ಬೇಡ, 100ರದ್ದೇ ಬೇಕು.

ಮೂರನೇ ದಿನ, ಗುರುವಾರ: ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್, ಕೊರೆಯುವ ಲೆಕ್ಕ

ಕಾರು ಬಿಟ್ಟು ಹೋಗಬಹುದಾದ ದಿನ ಇದೊಂದೇ. ವುಡ್‌ವರ್ಡ್ ಅವೆನ್ಯೂದಲ್ಲಿ ಓಡುವ ಕ್ಯೂಲೈನ್ ಟ್ರಾಮ್ ಹತ್ತಿ ಕೊನೆಯ ನಿಲ್ದಾಣ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ ಇಳಿದು ಪೂರ್ವಕ್ಕೆ ನಡೆದರೆ 3000ನೇ ನಂಬರಿನ ಕಟ್ಟಡ. ಇದೇ ಸಬ್‌ಮರ್ಜ್. ಮೈಕ್ ಬ್ಯಾಂಕ್ಸ್ ಮತ್ತು ಜೆಫ್ ಮಿಲ್ಸ್ ಕಟ್ಟಿದ, ಬೇಗನೇ ರಾಬರ್ಟ್ ಹುಡ್ ಕೂಡಿಕೊಂಡ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದ ನೆಲೆ, ಹಂಚಿಕೆಯ ಕೇಂದ್ರ. ಒಳಗೆ ಎಕ್ಸಿಬಿಟ್ 3000 ಎಂಬ ಟೆಕ್ನೋ ಮ್ಯೂಸಿಯಂ, ನೆಲಮಾಳಿಗೆಯಲ್ಲಿ ಸಮ್‌ವೇರ್ ಇನ್ ಡೆಟ್ರಾಯ್ಟ್ ಎಂಬ ರೆಕಾರ್ಡ್ ಅಂಗಡಿ. ಹೊರಗೆ ಹೇಳಿಕೊಳ್ಳುವಂಥ ಬೋರ್ಡಿಲ್ಲ. ಮೊದಲೇ ಬರೆದು ಸಮಯ ಕೇಳಿಕೊಂಡೇ ಹೋಗಬೇಕು. ಉತ್ಸವದ ವಾರ ಬೇಡಿಕೆ ಹೆಚ್ಚು, ಆದ್ದರಿಂದ ಏಪ್ರಿಲ್‌ನಲ್ಲೇ ಕೇಳುವುದು ಲೇಸು. ಈ ತಂಡದವರು ಮೊದಲಿನಿಂದ ಮುಖ ಮುಚ್ಚಿಕೊಂಡು ನುಡಿಸಿದವರು. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಿ. ಪಕ್ಕದಲ್ಲೇ ಸಂಗೀತ ನಿರ್ಮಾಪಕ ವಜೀದ್ ಕಟ್ಟಿದ ಅಂಡರ್‌ಗ್ರೌಂಡ್ ಮ್ಯೂಸಿಕ್ ಅಕಾಡೆಮಿ ಇದೆ. 2020ರಲ್ಲಿ ತೀರಿಕೊಂಡ ಡಿಜೆ ಮೈಕ್ ಹಕಬಿ ಇದೇ ಊರಿನ ಯೂತ್‌ವಿಲ್ ಎಂಬ ಯುವ ಕೇಂದ್ರದಲ್ಲಿ ಮಕ್ಕಳಿಗೆ ಸಂಗೀತ ನಿರ್ಮಾಣ ಕಲಿಸುತ್ತಿದ್ದರು. ತಿಳಿದದ್ದನ್ನು ಮುಂದಿನವರಿಗೆ ದಾಟಿಸುವ ಆ ಶ್ರದ್ಧೆಯೇ ಈ ಊರಿನ ದೊಡ್ಡ ಆಸ್ತಿ ಎಂದು ನಾವು ನಂಬುತ್ತೇವೆ.

ಈ ಕಟ್ಟಡದ ಸುತ್ತಲಿನವರ ರೆಕಾರ್ಡ್‌ಗಳನ್ನು ಬಹುಪಾಲು ಕೊರೆದವರು ನ್ಯಾಷನಲ್ ಸೌಂಡ್ ಕಾರ್ಪೊರೇಷನ್ನಿನ ರಾನ್ ಮರ್ಫಿ. 2008ರಲ್ಲಿ ತೀರಿಹೋದರು. ಅಂಗಡಿಯಲ್ಲಿ ಯಾವುದೇ ಹಳೆಯ ಡೆಟ್ರಾಯ್ಟ್ ರೆಕಾರ್ಡ್ ಎತ್ತಿ, ಬೆಳಕಿಗೆ ಓರೆ ಹಿಡಿದು, ನಡುವಿನ ಕಾಗದದ ಲೇಬಲ್ ಸುತ್ತಲಿನ ಖಾಲಿ ಜಾಗ ನೋಡಿ. ಎನ್‌ಎಸ್‌ಸಿ ಎಂಬ ಗೀಚು ಇದ್ದರೆ ಅದು ಅವರ ಕೈಗುರುತು. ಮಿಲ್ಸ್‌ ಜೊತೆ ಕೂತು ಗ್ರೂವನ್ನೇ ಸಂಗೀತದ ಭಾಗ ಮಾಡಿದವರು ಅವರು. 1994ರಲ್ಲಿ ಆಕ್ಸಿಸ್ ಲೇಬಲ್‌ನಿಂದ ಬಂದ ಮಿಲ್ಸ್‌ನ ‘ಸೈಕಲ್ 30’ಯಲ್ಲಿ ಲಾಕ್ಡ್ ಗ್ರೂವ್‌ಗಳಿವೆ. ಮುಳ್ಳು ಮುಂದೆ ಹೋಗದೆ ಒಂದೇ ಸುತ್ತಿನಲ್ಲಿ ಎಷ್ಟು ಹೊತ್ತಾದರೂ ತಿರುಗುತ್ತಿರುತ್ತದೆ.

ಇದರ ಲೆಕ್ಕ ಕಟ್ಟುನಿಟ್ಟು. 33⅓ ಆರ್‌ಪಿಎಂನಲ್ಲಿ (ನಿಮಿಷಕ್ಕೆ 33⅓ ಸುತ್ತು) ಒಂದು ಸುತ್ತಿಗೆ 1.8 ಸೆಕೆಂಡ್. ಅದರಲ್ಲಿ ನಾಲ್ಕು ಬೀಟ್ ಕೂರಬೇಕಾದರೆ ಟೆಂಪೋ 133⅓ ಬಿಪಿಎಂ, ಬೇರೆ ದಾರಿಯಿಲ್ಲ. 130ರಲ್ಲಿ ಮಾಡಿದ ಲೂಪ್ (ಮರುಕಳಿಸುವ ತುಣುಕು) 1.846 ಸೆಕೆಂಡ್ ಆಗುತ್ತದೆ, ಸುತ್ತಿನಲ್ಲಿ ಹಿಡಿಯುವುದಿಲ್ಲ. 45 ಆರ್‌ಪಿಎಂನಲ್ಲಿ ಸುತ್ತಿಗೆ 1.333 ಸೆಕೆಂಡ್, ನಾಲ್ಕು ಬೀಟ್‌ಗೆ 180 ಬಿಪಿಎಂ, ಮೂರು ಬೀಟ್‌ಗೆ 135. 33⅓ರ ಒಂದು ಸುತ್ತಿಗೆ ಕಳಿಸುವ ಫೈಲ್ 44.1 ಕಿಲೋಹರ್ಟ್ಸ್ ಆದರೆ ಸರಿಯಾಗಿ 79,380 ಸ್ಯಾಂಪಲ್ (ಧ್ವನಿಯ ಅಳತೆಬಿಂದು), 48 ಆದರೆ 86,400. ರಿವರ್ಬ್ (ಮಾರ್ದನಿ) ಹಾಕಿದ ಲೂಪನ್ನು ಹಾಗೇ ಕತ್ತರಿಸಿದರೆ ಬಾಲ ತುಂಡಾಗಿ ಪ್ರತಿ ಸುತ್ತಿಗೂ ‘ಟಕ್’ ಎನ್ನುತ್ತದೆ. ಲೂಪನ್ನು ಎರಡು ಸಲ ಓಡಿಸಿ ಎರಡನೇ ಸುತ್ತನ್ನು ಕತ್ತರಿಸಿ ತೆಗೆದುಕೊಂಡರೆ ಮೊದಲ ಸುತ್ತಿನ ಬಾಲ ಎರಡನೆಯದರ ತಲೆಯ ಮೇಲೆ ಕೂತಿರುತ್ತದೆ, ಬೆಸುಗೆ ಕಾಣದು.

ಈಗ ನಿನ್ನೆಯ ಸ್ಟೀರಿಯೋ ಬೇಸ್. ಎರಡೂ ಕಿವಿಗೆ ಸಮನಾದ ಧ್ವನಿ ಮುಳ್ಳನ್ನು ಅಡ್ಡಕ್ಕೆ ಓಡಿಸುತ್ತದೆ; ಎಡಬಲಗಳು ತದ್ವಿರುದ್ಧವಾದರೆ ಮೇಲೆ ಕೆಳಗೆ. ತಳದ ಸ್ವರ ಎಡಬಲ ಬೇರೆಯಾದಾಗ ಗ್ರೂವ್ ಒಂದು ಕಡೆ ಆಳವಾಗಿ ಇನ್ನೊಂದು ಕಡೆ ಮಾಯವಾಗುವಷ್ಟು ತೆಳುವಾಗುತ್ತದೆ, ಮುಳ್ಳು ಹಾರಿಬಿಡುತ್ತದೆ. ಅದಕ್ಕೇ 150 ಹರ್ಟ್ಸ್ ಕೆಳಗಿನದನ್ನೆಲ್ಲ ಮೋನೋ (ಎಡಬಲ ಒಂದೇ) ಮಾಡಬೇಕು. ರೀಸ್ ಬೇಸಿನ ಅಗಲ ಬೇಕಾದರೆ ಅದನ್ನು ಎರಡು ಪದರ ಮಾಡಿ: ಕೆಳಗೆ ಮೋನೋ ಸೈನ್ ಅಲೆ, ಮೇಲೆ 150ರಿಂದ ಹೈ-ಪಾಸ್ ಮಾಡಿದ (ಅದರ ಕೆಳಗಿನದನ್ನು ಸೋಸಿ ತೆಗೆದ) ಸ್ಟೀರಿಯೋ ಜೋಡಿ.

12 ಇಂಚಿನಲ್ಲಿ ಕ್ಲಬ್ಬಿಗೆ ತಕ್ಕ ಜೋರು ಬೇಕಾದರೆ 45 ಆರ್‌ಪಿಎಂನಲ್ಲಿ ಬದಿಗೆ 8–9 ನಿಮಿಷ, 33ರಲ್ಲಿ 12 ನಿಮಿಷ. ಇನ್ನೂ ಉದ್ದವಾದರೆ ಗ್ರೂವ್‌ಗಳಿಗೆ ಜಾಗ ಸಾಲದೆ ಮಟ್ಟ ಇಳಿಸಬೇಕಾಗುತ್ತದೆ. 33ರಲ್ಲಿ ಹೊರ ಅಂಚಿನ ಗ್ರೂವ್ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳ ಅಂಚಿನಲ್ಲಿ 21 ಮಾತ್ರ. ಹೈಹ್ಯಾಟ್ ಚುರುಕಾಗಿರುವ ಟ್ರ್ಯಾಕ್ ಹೊರಗೆ, ಮಂದವಾದದ್ದು ಒಳಗೆ ಎಂಬ ಕ್ರಮ ಈ ಎರಡು ಸಂಖ್ಯೆಗಳಿಂದಲೇ ಹುಟ್ಟಿದ್ದು. ಹ್ಯಾಟ್ 6ರಿಂದ 10 ಕಿಲೋಹರ್ಟ್ಸ್‌ನಲ್ಲಿ ಚುಚ್ಚುತ್ತಿದ್ದರೆ ಡಿ-ಎಸ್ಸರ್ (ಚುಚ್ಚುವ ಮೇಲ್ಸ್ವರ ತಗ್ಗಿಸುವ ಸಾಧನ) ಹಾಕಿ. ಇಲ್ಲದಿದ್ದರೆ ಕೊರೆಯುವ ಹೆಡ್ ಬಿಸಿಯೇರುತ್ತದೆ, ಎಂಜಿನಿಯರ್ ಇಡೀ ಬದಿಯ ಮಟ್ಟ ತಗ್ಗಿಸುತ್ತಾರೆ. ಫೈಲ್ 24 ಬಿಟ್ ವೇವ್, ಶಿಖರ −3ರಿಂದ −6 ಡೆಸಿಬೆಲ್, ಮಾಸ್ಟರ್ ಚಾನೆಲ್ಲಿನಲ್ಲಿ ಲಿಮಿಟರ್ (ಶಿಖರಗಳನ್ನು ಒತ್ತಿಹಿಡಿಯುವ ಸಾಧನ) ಬೇಡ. ಲಿಮಿಟರ್ ಹಿಂಡಿದ ಟ್ರ್ಯಾಕ್ ವಿನೈಲ್‌ನಲ್ಲಿ ಜೋರಾಗುವುದಿಲ್ಲ, ಬರೀ ಚಪ್ಪಟೆಯಾಗುತ್ತದೆ.

ನಾಲ್ಕನೇ ದಿನ, ಶುಕ್ರವಾರ: ಈಸ್ಟ್ ಡೇವಿಸನ್, ಒತ್ತುವ ಕಾರ್ಖಾನೆ

ಊರಿನ ಪೂರ್ವಕ್ಕೆ, ವ್ಯಾನ್ ಡೈಕ್ ರಸ್ತೆಯ ಹತ್ತಿರ ಆರ್ಚರ್ ರೆಕಾರ್ಡ್ ಪ್ರೆಸ್ಸಿಂಗ್ ಇದೆ. 1965ರಿಂದ ಒಂದೇ ಕುಟುಂಬದ ಕೈಯಲ್ಲಿರುವ ಕಾರ್ಖಾನೆ. ಮೆಟ್ರೋಪ್ಲೆಕ್ಸ್, ಟ್ರಾನ್ಸ್‌ಮ್ಯಾಟ್, ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ರೆಕಾರ್ಡ್‌ಗಳು ಒತ್ತಿಸಿಕೊಂಡದ್ದು ಇಲ್ಲೇ. ಇದು ನೋಟಕರ ಜಾಗವಲ್ಲ, ದುಡಿಯುವ ಜಾಗ. ಒಪ್ಪಿಗೆ ಇಲ್ಲದೆ ಬಾಗಿಲಿಗೆ ಹೋಗಬೇಡಿ. ಯಂತ್ರ ಕಣ್ಣಾರೆ ಕಾಣಬೇಕೆಂದರೆ ಡೌನ್‌ಟೌನ್‌ನ ಉತ್ತರಕ್ಕೆ ವೆಸ್ಟ್ ಕ್ಯಾನ್‌ಫೀಲ್ಡ್ ಬೀದಿಯ ಥರ್ಡ್ ಮ್ಯಾನ್ ಸೂಕ್ತ. 2017ರಲ್ಲಿ ಶುರುವಾದ ಅಲ್ಲಿನ ಪ್ರೆಸ್‌ಗಳನ್ನು ಅಂಗಡಿಯ ಗಾಜಿನ ಆಚೆ ನಿಂತು ನೋಡಬಹುದು. ವಾರದ ದಿನವೇ ಹೋಗಿ, ಪ್ರೆಸ್ ನಡೆಯುತ್ತಿರುತ್ತದೆ.

ನಡೆಯುವುದು ಹೀಗೆ. ಕೊರೆದ ಲ್ಯಾಕರ್ ಅಂದರೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಪದರ. ಅದಕ್ಕೆ ಬೆಳ್ಳಿ ಸಿಂಪಡಿಸಿ ನಿಕಲ್ ಲೇಪಿಸಿದರೆ ಬರುವ ಉಬ್ಬುಅಚ್ಚು ಫಾದರ್, ಅದರಿಂದ ಗ್ರೂವ್ ಇರುವ ಮದರ್, ಅದರಿಂದ ಪ್ರೆಸ್ಸಿಗೆ ಕಟ್ಟುವ ಸ್ಟ್ಯಾಂಪರ್. ಒಂದು ಸ್ಟ್ಯಾಂಪರ್ ಸುಮಾರು 1000 ಪ್ರತಿ ತಡೆಯುತ್ತದೆ. ಲ್ಯಾಕರ್ ಮೆದು, ಕೊರೆದ ಮೇಲೆ ದಿನಗಟ್ಟಲೆ ಇಟ್ಟರೆ ಗ್ರೂವ್‌ನ ಸೂಕ್ಷ್ಮ ಅಂಚುಗಳು ಸಡಿಲಗೊಂಡು ಮೇಲ್ಸ್ವರಗಳು ಮಂಕಾಗುತ್ತವೆ. ಲೇಪನಕ್ಕೆ ತಕ್ಷಣ ಕಳಿಸುವುದು ಅದಕ್ಕೇ. 2020ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ ಜಗತ್ತಿನಲ್ಲಿ ಲ್ಯಾಕರ್ ಮಾಡುವವರಾಗಿ ಉಳಿದದ್ದು ಜಪಾನಿನ ಎಂಡಿಸಿ ಒಂದೇ. ಸಣ್ಣ ಲೇಬಲ್‌ಗಳು ತಾಮ್ರಕ್ಕೆ ನೇರ ಕೊರೆಯುವ ಡಿಎಂಎಂ ಕಡೆಗೂ ನೋಡತೊಡಗಿದವು.

ಪ್ರೆಸ್ಸಿನಲ್ಲಿ ಸುಮಾರು 140 ಗ್ರಾಂ ಪಿವಿಸಿ ಪ್ಲಾಸ್ಟಿಕ್ ಉಂಡೆ, ಮೇಲೂ ಕೆಳಗೂ ಕಾಗದದ ಲೇಬಲ್, ಸುಮಾರು 150 ಡಿಗ್ರಿ ಸೆಲ್ಸಿಯಸ್ ಹಬೆ, ನೂರು ಟನ್ನಿನ ಒತ್ತಡ, ಬೆನ್ನಿಗೇ ತಣ್ಣೀರು. ಒಟ್ಟು ಅರ್ಧ ನಿಮಿಷ. ಕಾಗದದ ಲೇಬಲ್ಲನ್ನು ಮೊದಲೇ ಒಲೆಯಲ್ಲಿ ಒಣಗಿಸಿರಬೇಕು, ತೇವವಿದ್ದರೆ ಗುಳ್ಳೆ ಎದ್ದು ಹರಿಯುತ್ತದೆ. ತಣಿಸುವ ಕಾಲ ಉಳಿಸಿದರೆ ರೆಕಾರ್ಡ್ ಸೊಟ್ಟಗಾಗುತ್ತದೆ. ಬಿಸಿ ಸಾಲದಿದ್ದರೆ ಪಿವಿಸಿ ಗ್ರೂವ್‌ನ ತುದಿಯವರೆಗೆ ತುಂಬುವುದಿಲ್ಲ, ಒಂದು ಕಡೆಯಿಂದ ಬಟ್ಟೆ ಹರಿದಂಥ ಸದ್ದು ಬರುತ್ತದೆ.

ಹೀಗಾಗಿ ಟೆಸ್ಟ್ ಪ್ರೆಸ್ಸಿಂಗ್ (ಮೊದಲು ಒತ್ತಿಕೊಡುವ ಪರೀಕ್ಷಾ ಪ್ರತಿ) ಕೇಳುವುದು ರಚನೆಯಷ್ಟೇ ಮುಖ್ಯ ಕೆಲಸ. ಬಂದ ಎಲ್ಲ ಪ್ರತಿಗಳನ್ನೂ ಎರಡು ಬೇರೆ ಟರ್ನ್‌ಟೇಬಲ್‌ಗಳಲ್ಲಿ ಕೇಳಬೇಕು. ಎಲ್ಲ ಪ್ರತಿಯಲ್ಲೂ ಅದೇ ಸೆಕೆಂಡಿನಲ್ಲಿ ಟಿಕ್ ಬಂದರೆ ದೋಷ ಸ್ಟ್ಯಾಂಪರ್ ಅಥವಾ ಮದರ್‌ನದು, ಲೇಪನ ಮತ್ತೆ ಮಾಡಿಸಬೇಕು. ಒಂದರಲ್ಲಿ ಮಾತ್ರ ಬಂದರೆ ಪ್ರೆಸ್ಸಿನಲ್ಲಿ ಬಿದ್ದ ಕಸ, ಬಿಡಬಹುದು. ಉದ್ದಕ್ಕೆ ಎಳೆದ ಸ್ವರ ಸುತ್ತಿಗೊಮ್ಮೆ, 33ರಲ್ಲಿ ಪ್ರತಿ 1.8 ಸೆಕೆಂಡಿಗೊಮ್ಮೆ, ಏರಿಳಿದರೆ ನಡುವಿನ ತೂತು ಕೇಂದ್ರ ತಪ್ಪಿದೆ. ಇದಕ್ಕೆ ಒಪ್ಪಿಗೆ ಕೊಡಬೇಡಿ. 300 ಪ್ರತಿ ಒತ್ತಿದ ಮೇಲೆ ದೂರಿ ಪ್ರಯೋಜನವಿಲ್ಲ.

ಐದನೇ ದಿನ, ಶನಿವಾರ: ಹ್ಯಾಮ್‌ಟ್ರಾಮಿಕ್‌ನ ಅಂಗಡಿ, ಹಾರ್ಟ್ ಪ್ಲಾಜಾ

ಬೆಳಿಗ್ಗೆ ಹ್ಯಾಮ್‌ಟ್ರಾಮಿಕ್. ಡೆಟ್ರಾಯ್ಟ್‌ನ ಹೊಟ್ಟೆಯೊಳಗಿರುವ ಬೇರೆಯೇ ಪುರಸಭೆ. ಜೋಸೆಫ್ ಕ್ಯಾಂಪೋ ಬೀದಿಯ ಡೆಟ್ರಾಯ್ಟ್ ಥ್ರೆಡ್ಸ್‌ನಲ್ಲಿ ಬಟ್ಟೆಯ ಜೊತೆ ಸ್ಥಳೀಯ ಟೆಕ್ನೋ, ಹೌಸ್ ಸಂಗೀತದ ರೆಕಾರ್ಡ್‌ಗಳ ಸಾಲು. ಕೊಳ್ಳುವ ಮುಂಚೆ ಕೇಳಿ ನೋಡಿ.

ಈಚಿನ ವರ್ಷಗಳಲ್ಲಿ ಈ ಊರಿನವರು ತಂದದ್ದರಲ್ಲಿ ಕೆಲವನ್ನು ಕಿವಿಗೊಟ್ಟು ಕೇಳಲೇಬೇಕು. ಟೆರೆನ್ಸ್ ಡಿಕ್ಸನ್‌ನ ‘ಫ್ರಮ್ ದ ಫಾರ್ ಫ್ಯೂಚರ್’ ಸರಣಿಯ ಮೂರನೇ ಭಾಗ 2020ರದು. ಒಂದೇ ಸಣ್ಣ ಸಾಲು ಎಷ್ಟು ಕಡಿಮೆ ಬದಲಾದರೂ ಕೇಳುಗನನ್ನು ಹಿಡಿದಿಡಬಲ್ಲದು ಎಂಬುದಕ್ಕೆ ಅದು ಪಾಠ. ವಜೀದ್‌ನ ‘ಮೆಮ್ವಾರ್ಸ್ ಆಫ್ ಹೈ-ಟೆಕ್ ಜಾಝ್’ 2022ರದು. ಈ ಎರಡನ್ನೂ ತಂದದ್ದು ಬರ್ಲಿನ್‌ನ ಟ್ರೆಸರ್ ಲೇಬಲ್; ಡೆಟ್ರಾಯ್ಟ್‌ಗೂ ಆ ಊರಿಗೂ 1990ರ ದಶಕದ ಮೊದಲಿಂದ ನಂಟು. ಒಮರ್-ಎಸ್‌ನ ‘ಕಾಂಟ್ ಚೇಂಜ್’ ಕೂಡ 2022ರದು, ಅವನದೇ ಎಫ್‌ಎಕ್ಸ್‌ಎಚ್‌ಇ ಲೇಬಲ್. ಮಿಲ್ಸ್ 2024ರಲ್ಲಿ ‘ದ ಟ್ರಿಪ್: ಎಂಟರ್ ದ ಬ್ಲ್ಯಾಕ್ ಹೋಲ್’ ತಂದ. ಆಕ್ಸಿಸ್ ಈಗಲೂ ಅವನ ಕೈಯಲ್ಲೇ ಇದೆ.

ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ಜಾಲತಾಣದಲ್ಲಿ ಮಾರಿದರೆ ಡಿಜಿಟಲ್‌ಗೆ 15 ಶೇಕಡಾ, ರೆಕಾರ್ಡಿನಂಥ ವಸ್ತುವಿಗೆ 10 ಶೇಕಡಾ ಅವರ ಪಾಲು, ಜೊತೆಗೆ ಹಣ ಪಾವತಿಯ ಶುಲ್ಕ. 300 ಪ್ರತಿಯ ಲೇಬಲ್ ನಡೆಸುವವರು ಡಿಜಿಟಲ್ ಮಾರಾಟದ ಹಣವನ್ನು ಮುಂದಿನ ಲ್ಯಾಕರ್ ಮತ್ತು ಲೇಪನಕ್ಕೆ ಎತ್ತಿಡುವುದು ಜಾಣತನ. ಏಕೆಂದರೆ ಆ ಖರ್ಚು 100 ಪ್ರತಿಗೂ 1000 ಪ್ರತಿಗೂ ಒಂದೇ, ಪ್ರತಿ ಕಡಿಮೆಯಾದಷ್ಟೂ ಒಂದೊಂದರ ಮೇಲೆ ಹೊರೆ ಹೆಚ್ಚು. ಬಣ್ಣದ ಕವರ್ ಬಿಟ್ಟು ಬಿಳಿ ಲೇಬಲ್ ಮೇಲೆ ರಬ್ಬರ್ ಠಸ್ಸೆ ಒತ್ತಿದರೂ ನಡೆಯುತ್ತದೆ, ಮಾಸ್ಟರಿಂಗ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಕೊಂಡ ರೆಕಾರ್ಡನ್ನು ಮೇ ತಿಂಗಳ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡುವಂತಿಲ್ಲ. ಮುಚ್ಚಿದ ಕಾರಿನ ಬಿಸಿಗೆ ಪಿವಿಸಿ ಬಾಗುತ್ತದೆ. ಹೋಟೆಲಿಗೆ ಹೋಗಿ ಇಟ್ಟು, ಲಂಬವಾಗಿ ನಿಲ್ಲಿಸಿ, ಆಮೇಲೆ ಉತ್ಸವಕ್ಕೆ ಹೊರಡಿ.

ಹಾರ್ಟ್ ಪ್ಲಾಜಾ ನದಿಯ ಅಂಚಿನ ಕಾಂಕ್ರೀಟ್ ಅಂಗಳ, ನಡುವೆ ಇಸಾಮು ನೊಗುಚಿ ವಿನ್ಯಾಸದ ಉಕ್ಕಿನ ಕಾರಂಜಿ. 2000ರಲ್ಲಿ ಇಲ್ಲಿ ಮೊದಲ ಡೆಟ್ರಾಯ್ಟ್ ಎಲೆಕ್ಟ್ರಾನಿಕ್ ಮ್ಯೂಸಿಕ್ ಫೆಸ್ಟಿವಲ್ ನಡೆದಾಗ ಕಲಾನಿರ್ದೇಶಕ ಕಾರ್ಲ್ ಕ್ರೇಗ್. 2006ರಿಂದ ಪ್ಯಾಕ್ಸಾಹೌ ಸಂಸ್ಥೆ ನಡೆಸುತ್ತಿದೆ. ತೆರೆದ ವೇದಿಕೆಗಳ ಜೊತೆ ನೆಲದಡಿಯಲ್ಲೂ ಒಂದು ವೇದಿಕೆ ಇದೆ. ಕಾಂಕ್ರೀಟ್ ಗೋಡೆಗಳ ನಡುವೆ ಅಲ್ಲಿ ತಳದ ಸ್ವರ ನಿಂತು ಗುಂಯ್ಗುಡುತ್ತದೆ. ಸ್ಪೀಕರಿಗೆ ಎದುರಾಗಿ, ಗೋಡೆಯಿಂದ ದೂರ ನಿಂತರೆ ಕಿಕ್ ಸ್ಪಷ್ಟ. ಕಿವಿಗೆ ಫಿಲ್ಟರ್ ಇರುವ ಇಯರ್‌ಪ್ಲಗ್ ಇರಲಿ.

ವಿನೈಲ್‌ನಲ್ಲಿ ನುಡಿಸುವವರ ಮೇಜನ್ನು ಗಮನಿಸಿ. ಟರ್ನ್‌ಟೇಬಲ್ ಕೆಳಗೆ ಕಾಂಕ್ರೀಟ್ ಹಲಗೆ, ಅದರ ಕೆಳಗೆ ರಬ್ಬರ್ ಅಥವಾ ಫೋಮ್. ಸಬ್‌ವೂಫರಿನ (ತಳದ ಸ್ವರದ ಸ್ಪೀಕರಿನ) ಕಂಪನ ಮೇಜಿನಿಂದ ಮುಳ್ಳಿಗೆ ಹತ್ತಿ ಮತ್ತೆ ಸ್ಪೀಕರಿಗೆ ಹೋದರೆ 30–50 ಹರ್ಟ್ಸ್ ಸುತ್ತ ಗುಡುಗು ಏಳುತ್ತದೆ. ಭಾರದ ಹಲಗೆ ಮತ್ತು ಮೆತ್ತನೆಯ ತಳ ಕೂಡಿ ಆ ದಾರಿಯನ್ನು ಕಡಿಯುತ್ತವೆ. ಇದಿಲ್ಲದ ವೇದಿಕೆಯಲ್ಲಿ ಡಿಜೆ ಬೇಸ್ ಗುಂಡಿಯನ್ನು ಅರ್ಧಕ್ಕೆ ಇಳಿಸಿಯೇ ನುಡಿಸಬೇಕಾಗುತ್ತದೆ, ಗುರುವಾರ ಲೆಕ್ಕ ಹಾಕಿ ಮೋನೋ ಮಾಡಿದ ತಳವೆಲ್ಲ ವ್ಯರ್ಥ. ಉತ್ಸವ ಮುಗಿದ ಮೇಲೆ ಟಿವಿ ಲೌಂಜ್, ಮಾರ್ಬಲ್ ಬಾರ್, ಸ್ಪಾಟ್ ಲೈಟ್ ಕಡೆ ಬೆಳಗಿನವರೆಗೆ ನಡೆಯುವ ಕೂಟಗಳಿಗೆ ಬೇರೆ ಟಿಕೆಟ್ ಬೇಕು. ಊರಿನ ನಿರ್ಮಾಪಕರು ಇನ್ನೂ ಒತ್ತಿಸದ ಟ್ರ್ಯಾಕ್‌ಗಳನ್ನು ಪರೀಕ್ಷೆಗೆ ಹಾಕುವುದು ಹೆಚ್ಚಾಗಿ ಇಂಥ ಸಣ್ಣ ಕೋಣೆಗಳಲ್ಲಿ. ಹಣ ಮಿತವಾಗಿದ್ದರೆ ಉತ್ಸವಕ್ಕೆ ಒಂದು ದಿನದ ಪಾಸ್ ಸಾಕು, ಉಳಿದದ್ದನ್ನು ಈ ಕೂಟಗಳಿಗೆ ಇಟ್ಟುಕೊಳ್ಳಿ.